ಪೊಲೀಸ್ ಠಾಣೆಗೆ ಹೊಸ ತಂತ್ರಜ್ಞಾನ: ಆಯ್ಕೆ, ಖರೀದಿ, ಬಳಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಠಾಣಾ ಸಿಬ್ಬಂದಿ, ಎಸ್‌ಪಿ ಕಚೇರಿಯ ಕಂಪ್ಯೂಟರ್ ವಿಭಾಗದವರು, ಸಲಕರಣೆ ಪೂರೈಸುವವರು, ಊರಿಗೆ ಕ್ಯಾಮೆರಾ ಕೊಡಿಸಲು ಮುಂದೆ ಬರುವ ಸಂಘಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಅರಸೀಕೆರೆಯ ಬಿಸಿಲಿನಲ್ಲಿ ಓಡುವ ಯಂತ್ರ ಕಳಸದ ಜುಲೈ ಮಳೆಯಲ್ಲೂ ಓಡುತ್ತದೆ ಎನ್ನಲಾಗದು. ಉತ್ತರ ಬರೆಯುವಾಗ ಎರಡೂ ಸೀಮೆಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ.

ಠಾಣೆಯಲ್ಲಿ ಯಾವ ಸಾಫ್ಟ್‌ವೇರ್ ಇರಬೇಕು ಅಂತ ತೀರ್ಮಾನ ಮಾಡೋದು ಯಾರು? ಎಸ್‌ಪಿ ಸಾಹೇಬರೇನಾ?

ಎಲ್ಲವನ್ನೂ ಅಲ್ಲ. ಎಫ್‌ಐಆರ್, ಸ್ಟೇಷನ್ ಹೌಸ್ ಡೈರಿ, ಕೇಸ್ ಡೈರಿ, ದೋಷಾರೋಪಣ ಪಟ್ಟಿ ದಾಖಲಾಗುವ ಮುಖ್ಯ ವ್ಯವಸ್ಥೆ ಬೆಂಗಳೂರಿನಿಂದ, ಪೊಲೀಸ್ ಕಂಪ್ಯೂಟರ್ ವಿಭಾಗದ ಮೂಲಕ ಬರುತ್ತದೆ. ಕೇಂದ್ರ ಸರ್ಕಾರ 2009ರಲ್ಲಿ ದೇಶದ ಠಾಣೆಗಳನ್ನೆಲ್ಲ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲಿ ‘ಪೊಲೀಸ್ ಐಟಿ’ ಎಂಬ ಸ್ವಂತ ವ್ಯವಸ್ಥೆ ಇದೆ. ಅದರ ಮಾಹಿತಿ ರಾಷ್ಟ್ರೀಯ ಜಾಲಕ್ಕೆ ಸೇರುತ್ತದೆ. ಪೊಲೀಸ್, ನ್ಯಾಯಾಲಯ, ಕಾರಾಗೃಹ, ಅಭಿಯೋಜನೆ, ವಿಧಿವಿಜ್ಞಾನ ಪ್ರಯೋಗಾಲಯ ಈ ಐದನ್ನೂ ಜೋಡಿಸುವುದು ಐಸಿಜೆಎಸ್. ಅದರ ಎರಡನೇ ಹಂತಕ್ಕೆ 2022ರಲ್ಲಿ 3,375 ಕೋಟಿ ರೂಪಾಯಿ ಮಂಜೂರಾಯಿತು. ಅದೇ ವರ್ಷ ಶುರುವಾದ ಬೆರಳಚ್ಚು ವ್ಯವಸ್ಥೆ ನಾಫಿಸ್, ಬಂಧಿತರಿಗೆ 10 ಅಂಕಿಯ ರಾಷ್ಟ್ರೀಯ ಸಂಖ್ಯೆ ಕೊಡುತ್ತದೆ. ಇವುಗಳಲ್ಲಿ ಜಿಲ್ಲೆಯವರು ಆಯ್ಕೆ ಮಾಡುವಂಥದ್ದು ಏನೂ ಇಲ್ಲ, ಬಳಸಬೇಕು ಅಷ್ಟೆ.

ಜಿಲ್ಲೆಯ ಕೈಯಲ್ಲಿ ನಿಜವಾಗಿ ಇರುವುದು ಬೇರೆ ಪಟ್ಟಿ: ರಸ್ತೆ ಕ್ಯಾಮೆರಾ, ಬಾಡಿ ಕ್ಯಾಮೆರಾ, ಡ್ರೋನ್, ಗಸ್ತಿನ ಕ್ಯೂಆರ್ ಕೋಡ್, ಯುಪಿಎಸ್, ಎರಡನೇ ಇಂಟರ್‌ನೆಟ್ ಲೈನು. ಹಣ ರಾಜ್ಯ ಬಜೆಟ್‌ನಿಂದ ಬರಬಹುದು, ಪೊಲೀಸ್ ಆಧುನೀಕರಣ ಯೋಜನೆಯಿಂದ ಬರಬಹುದು (ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40), ಶಾಸಕರ ನಿಧಿಯಿಂದ ಅಥವಾ ದಾನದಿಂದಲೂ ಬರಬಹುದು. ತಪ್ಪು ಖರೀದಿ ಹೆಚ್ಚು ನಡೆಯುವುದೂ ಈ ಪಟ್ಟಿಯಲ್ಲೇ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಬೇಕೆಂಬ ಅವಸರದಲ್ಲಿ, ಸಮಸ್ಯೆ ಏನೆಂದು ಬರೆದಿಡುವ ಮೊದಲೇ ಸಾಮಾನು ಬಂದುಬಿಡುತ್ತದೆ.

ಹಾಗಾದರೆ ಮೊದಲ ಹೆಜ್ಜೆ ಯಾವುದು?

ಠಾಣೆಯ ದಾಖಲೆ ಬರೆಯುವ ಸ್ಟೇಷನ್ ರೈಟರ್ ಪಕ್ಕ ಒಂದು ಪೂರ್ತಿ ಪಾಳಿ ಕೂತು ನೋಡುವುದು. ಒಂದೇ ಮಾಹಿತಿಯನ್ನು ಅವರು ಎಷ್ಟು ಕಡೆ ಬರೆಯುತ್ತಾರೆ ಎಂದು ಎಣಿಸಬೇಕು. ಶಿರಾಡಿ ಘಾಟಿಯಲ್ಲಿ ಲಾರಿ, ಕಾರು ಡಿಕ್ಕಿಯಾಗಿದೆ ಎಂದುಕೊಳ್ಳಿ. ಗಾಯಾಳುವಿನ ಹೆಸರು ಸ್ಟೇಷನ್ ಹೌಸ್ ಡೈರಿಗೆ ಹೋಗುತ್ತದೆ. ಆಮೇಲೆ ಎಫ್‌ಐಆರ್, ಆಸ್ಪತ್ರೆಗೆ ಕೊಡುವ ಪತ್ರ, ಮೋಟಾರು ವಾಹನ ನಿರೀಕ್ಷಕರಿಗೆ ಕೊಡುವ ಕೋರಿಕೆ, ಕೇಸ್ ಡೈರಿ. ಅದರ ಮೇಲೆ ರಸ್ತೆ ಅಪಘಾತ ದಾಖಲಿಸುವ ಐರಾಡ್ ಆ್ಯಪ್‌ನಲ್ಲಿ ಮತ್ತೊಮ್ಮೆ, ಅಪಘಾತದ ವಿವರ ವರದಿಯ ಇ-ಡಾರ್‌ನಲ್ಲಿ ಇನ್ನೊಮ್ಮೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅಪಘಾತದ ಮೊದಲ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಇಷ್ಟರ ನಡುವೆ ಎಂಟನೇ ಕಡೆ ಅದೇ ಹೆಸರನ್ನು ಟೈಪ್ ಮಾಡಿಸುವ ಹೊಸ ಆ್ಯಪ್ ತಂದರೆ ಮೂರನೇ ವಾರಕ್ಕೆ ಅದನ್ನು ಯಾರೂ ತೆರೆಯುವುದಿಲ್ಲ.

ಆಮೇಲೆ ಒಂದೇ ಪುಟದ ಅಗತ್ಯ ಪತ್ರ ಸಿದ್ಧಪಡಿಸಿ. ಈಗ ಕೆಲಸ ಹೇಗೆ ನಡೆಯುತ್ತಿದೆ, ಎಲ್ಲಿ ತಡವಾಗುತ್ತಿದೆ, ತಡಕ್ಕೆ ಕಾರಣವೇನು, ಏನಾದರೆ ಸರಿಹೋಯಿತು ಎನ್ನಬಹುದು, ಹೊಸದು ಬಂದರೆ ಯಾವ ಹಳೆಯ ರಿಜಿಸ್ಟರ್ ನಿಲ್ಲುತ್ತದೆ. ಕೊನೆಯ ಸಾಲಿಗೆ ಉತ್ತರ ಸಿಗದಿದ್ದರೆ ಕಡತವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಟೆಂಡರ್ ಪ್ರಕ್ರಿಯೆ ಹೇಗೆ ನಡೆಯುತ್ತದೆ? ಎಲ್ಲಿ ಕೆಡುತ್ತದೆ?

ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ, 2000ದ ನಿಯಮಗಳು ಅನ್ವಯಿಸುತ್ತವೆ. ಟೆಂಡರ್ ರಾಜ್ಯ ಸರ್ಕಾರದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತದೆ. ಸಿದ್ಧ ಸರಕಿಗೆ ಕೇಂದ್ರದ ಖರೀದಿ ತಾಣ ಜೆಮ್ ಕೂಡ ಇದೆ. ತಂತ್ರಜ್ಞಾನದ ಖರೀದಿಗೆ ಎರಡು ಲಕೋಟೆ ಪದ್ಧತಿಯೇ ಸರಿ. ಮೊದಲು ತಾಂತ್ರಿಕ ಲಕೋಟೆ ತೆರೆದು, ಅದರಲ್ಲಿ ಪಾಸಾದವರ ಬೆಲೆ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಟೆಂಡರ್ ಅಂಗೀಕಾರದ ಆದೇಶದಿಂದ ಬಾಧಿತರಾದವರು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದ್ದರಿಂದ ಯಾರನ್ನು ಏಕೆ ತಿರಸ್ಕರಿಸಿದ್ದೇವೆ ಎಂಬ ಟಿಪ್ಪಣಿ ಕಡತದಲ್ಲಿ ಇರಲೇಬೇಕು.

ಕೆಡುವುದು ತಾಂತ್ರಿಕ ವಿವರಣೆಯ ಪುಟದಲ್ಲಿ. ಒಂದು ಕಂಪನಿಯ ಕರಪತ್ರವನ್ನು ಹಾಗೇ ನಕಲು ಮಾಡಿ ಹಾಕುತ್ತಾರೆ. ಆಗ ಒಂದೋ ಆಕ್ಷೇಪಣೆ ಬರುತ್ತದೆ, ಇಲ್ಲವೇ ನಮಗೆ ಬೇಡದ ಗುಣಕ್ಕೆ ದುಡ್ಡು ಕೊಟ್ಟು ಬೇಕಾದದ್ದು ಬಿಟ್ಟುಹೋಗುತ್ತದೆ. ‘2 ಮೆಗಾಪಿಕ್ಸೆಲ್ ಕ್ಯಾಮೆರಾ, 20 ಸಂಖ್ಯೆ’ ಎಂದು ಬರೆದರೆ ಕೆಲಸ ಏನೆಂದು ಹೇಳಿದಂತಾಗಲಿಲ್ಲ. ಅಪರಿಚಿತನ ಮುಖ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು. ಪರಿಚಿತನನ್ನು ಗುರುತಿಸಲು 125 ಸಾಕು. ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡ ಸಾಲಿನಲ್ಲಿ 1,920 ಪಿಕ್ಸೆಲ್ ಇರುತ್ತವೆ. 250ರಿಂದ ಭಾಗಿಸಿದರೆ 7.7 ಮೀಟರ್. ಅಂದರೆ ಇಡೀ ವೃತ್ತವನ್ನು ಒಂದೇ ಕ್ಯಾಮೆರಾದಲ್ಲಿ ಹಿಡಿಯುತ್ತೇವೆ ಎಂದರೆ ಜನಸಂದಣಿ ಕಾಣಿಸುತ್ತದೆ, ಕಳ್ಳನ ಮುಖ ಕಾಣಿಸುವುದಿಲ್ಲ. ಹಾಗಾಗಿ ‘ರಾತ್ರಿ, ಮಳೆಯಲ್ಲಿ, 15 ಮೀಟರ್ ದೂರದಿಂದ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಬೈಕಿನ ನಂಬರ್ ಪ್ಲೇಟ್ ಓದುವಂತಿರಬೇಕು’ ಎಂದು ಬರೆಯಿರಿ. ಪರೀಕ್ಷೆಯನ್ನೂ ಹಾಗೇ ಮಾಡಿ.

ಕ್ಯಾಮೆರಾಗೆ ಕೇಂದ್ರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿಯ ಭದ್ರತಾ ಪ್ರಮಾಣಪತ್ರ ಇದೆಯೇ ಎಂದೂ ನೋಡಿ. ಇಂಟರ್‌ನೆಟ್‌ಗೆ ಸೇರುವ ಸಿಸಿಟಿವಿಗಳಿಗೆ 2025ರ ಏಪ್ರಿಲ್‌ನಿಂದ ಇದು ಕಡ್ಡಾಯ. ಗೋದಾಮಿನಲ್ಲಿ ಉಳಿದ ಹಳೆಯ ಮಾದರಿಯನ್ನು ಸಣ್ಣ ಜಿಲ್ಲೆಗಳಿಗೆ ಸಾಗಿಸುವ ಆಸೆ ಮಾರಾಟಗಾರರಿಗೆ ಇದ್ದೇ ಇರುತ್ತದೆ. ಮಾದರಿ ಸಂಖ್ಯೆಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು.

ಡೆಮೊ ಚೆನ್ನಾಗಿಯೇ ನಡೆಯುತ್ತದೆ. ಮತ್ತೆ ಪ್ರಾಯೋಗಿಕ ಬಳಕೆ ಏಕೆ?

ಡೆಮೊ ನಡೆಯುವುದು ಎಸಿ ಹಾಕಿದ ಸಭಾಂಗಣದಲ್ಲಿ, ಕಂಪನಿಯವರದೇ ಮಾಹಿತಿಯ ಮೇಲೆ. ಪ್ರಯೋಗಕ್ಕೆ ಮೂರು ಬಗೆಯ ಠಾಣೆ ಆರಿಸಿ: ಹಾಸನ ನಗರದಂಥ ಒತ್ತಡದ್ದು ಒಂದು, ಅರಸೀಕೆರೆ ಕಡೆಯ ಬಯಲು ಸೀಮೆಯದ್ದು ಒಂದು, ಸಕಲೇಶಪುರ ಅಥವಾ ಕಳಸದಂಥ ಮಳೆಸೀಮೆಯದ್ದು ಒಂದು. 90 ದಿನವಾದರೂ ನಡೆಯಲಿ, ಅದರಲ್ಲಿ ಜೂನ್, ಜುಲೈ ಸೇರಿರಲಿ. ಜನವರಿಯಲ್ಲಿ ಪ್ರಯೋಗ ಮುಗಿಸಿ ಮಾರ್ಚ್‌ನಲ್ಲಿ ಕೊಂಡರೆ ಮಳೆಗಾಲದ ಪರೀಕ್ಷೆ ನಮ್ಮ ಖರ್ಚಿನಲ್ಲೇ ನಡೆಯುತ್ತದೆ.

ಕಂಪ್ಯೂಟರ್ ಬಲ್ಲ ಉತ್ಸಾಹಿ ಪಿಎಸ್‌ಐ ಇರುವ ಠಾಣೆಯನ್ನೇ ಮೂರಕ್ಕೂ ಆರಿಸುವುದು ಸಾಮಾನ್ಯ ತಪ್ಪು. ಅಲ್ಲಿ ಏನು ಕೊಟ್ಟರೂ ನಡೆಯುತ್ತದೆ. ಪಾಸು, ಫೇಲು ಅಂಕಿಗಳನ್ನು ಪ್ರಯೋಗ ಶುರುವಾಗುವ ಮೊದಲೇ ಬರೆದು ಸಹಿ ಮಾಡಿಟ್ಟುಕೊಳ್ಳಬೇಕು: ದಾಖಲಿಸಲು ಎಷ್ಟು ನಿಮಿಷ, ದಿನಕ್ಕೆ ಎಷ್ಟು ಬಾರಿ ನಿಂತಿತು, ಎಷ್ಟು ನಮೂದು ಎರಡನೇ ಸಲ ಮಾಡಬೇಕಾಯಿತು.

ನಮ್ಮ ಠಾಣೆಯಲ್ಲಿ ನೆಟ್‌ವರ್ಕ್ ಇರುವುದೇ ಅಪರೂಪ. ಆನ್‌ಲೈನ್ ವ್ಯವಸ್ಥೆ ಹೇಗೆ ನಡೆಸೋದು?

ಮಲೆನಾಡಿನ ಠಾಣೆಗೆ ಏನೇ ಕೊಂಡರೂ ಆಫ್‌ಲೈನ್‌ನಲ್ಲಿ ದಾಖಲಿಸಿ, ಸಂಪರ್ಕ ಬಂದಾಗ ತಾನೇ ಕಳಿಸುವಂತಿರಬೇಕು. ಡೆಮೊ ನಡುವೆ ಕೇಬಲ್ ಕಿತ್ತು ನೋಡಿ. ಅರ್ಧ ತುಂಬಿದ ಫಾರಂ ಉಳಿಯಿತೇ? ಮತ್ತೆ ಸಿಕ್ಕಿಸಿದಾಗ ಒಂದೇ ಪ್ರತಿ ಹೋಯಿತೇ, ಎರಡು ಹೋದವೇ? ಎರಡು ಹೋದರೆ ಒಂದೇ ಘಟನೆಗೆ ಎರಡು ಸಂಖ್ಯೆ ಬಿದ್ದು, ಅದನ್ನು ಅಳಿಸಲು ಬೆಂಗಳೂರಿಗೆ ಪತ್ರ ಬರೆಯಬೇಕಾಗುತ್ತದೆ.

ರಾಜ್ಯ ಸರ್ಕಾರದ ಜಾಲ ಕೆಎಸ್‌ವಾನ್ ಅಥವಾ ಬಿಎಸ್‌ಎನ್‌ಎಲ್ ಲೈನಿನ ಜೊತೆಗೆ ಬೇರೆ ಕಂಪನಿಯ 4ಜಿ ರೌಟರ್ ಇರಲಿ. ಎರಡೂ ಒಂದೇ ಕಂಬದ ಮೇಲೆ, ಒಂದೇ ಗೋಪುರದಿಂದ ಬರುತ್ತಿದ್ದರೆ ಎರಡಿದ್ದೂ ಒಂದೇ. ಮರ ಬಿದ್ದರೆ ಎರಡೂ ಹೋಗುತ್ತವೆ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಭೌಗೋಳಿಕ ಕಾರಣದಿಂದ ಸಂಪರ್ಕ ಸಿಗದ ಕಡೆ ಗರಿಷ್ಠ 72 ಗಂಟೆ. ಮುಳ್ಳಯ್ಯನಗಿರಿಯ ಬುಡದ ಠಾಣೆಗಾದರೂ ನಾಲ್ಕನೇ ದಿನಕ್ಕೆ ನೆಪ ಇಲ್ಲ.

ಬಾಡಿ ಕ್ಯಾಮೆರಾ ಕೊಳ್ಳುವವರು ಅಪ್‌ಲೋಡ್ ಲೆಕ್ಕ ಮರೆಯುತ್ತಾರೆ. ಸೆಕೆಂಡಿಗೆ 4 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 1.8 ಜಿಬಿ, ಎಂಟು ಗಂಟೆಯ ಪಾಳಿಗೆ 14.4 ಜಿಬಿ. 10 ಮೆಗಾಬಿಟ್ ಅಪ್‌ಲೋಡ್ ಇರುವ ಲೈನಿನಲ್ಲಿ ಒಂದು ಕ್ಯಾಮೆರಾ ಖಾಲಿಯಾಗಲು 3 ಗಂಟೆ 12 ನಿಮಿಷ ಬೇಕು. ಐದು ಕ್ಯಾಮೆರಾಗೆ 16 ಗಂಟೆ! ಅಷ್ಟು ಹೊತ್ತು ಠಾಣೆಯ ಬೇರೆ ಯಾವ ಕೆಲಸವೂ ನಡೆಯದು. ಠಾಣೆಯಲ್ಲೇ ಕ್ಯಾಮೆರಾ ಸಿಕ್ಕಿಸಿ ದೃಶ್ಯ ಇಳಿಸುವ ಡಾಕಿಂಗ್ ಪೆಟ್ಟಿಗೆ, ಸ್ಥಳೀಯ ಸಂಗ್ರಹ ಇಟ್ಟುಕೊಂಡು, ಪ್ರಕರಣಕ್ಕೆ ಬೇಕಾದ ತುಣುಕನ್ನು ಮಾತ್ರ ಮೇಲೆ ಕಳಿಸುವ ಏರ್ಪಾಡು ಬೇಕು.

ಕರೆಂಟು, ಸಿಡಿಲು, ತೇವಾಂಶ?

ಹೊಸ ಸಲಕರಣೆ ಕೆಡುವುದು ಹೆಚ್ಚಾಗಿ ಇವುಗಳಿಂದಲೇ. ಮೊದಲು ಯುಪಿಎಸ್. ಎರಡು ಡೆಸ್ಕ್‌ಟಾಪ್‌ಗೆ 180 ವ್ಯಾಟ್, ರೆಕಾರ್ಡರ್‌ಗೆ 100, ಹನ್ನೆರಡು ಕ್ಯಾಮೆರಾಗೆ ವಿದ್ಯುತ್ ಕೊಡುವ ಸ್ವಿಚ್‌ಗೆ 120 ಎಂದರೆ ಒಟ್ಟು 400 ವ್ಯಾಟ್. ನಾಲ್ಕು ಗಂಟೆಗೆ 1,600 ವ್ಯಾಟ್-ಅವರ್ ಬೇಕು. 12 ವೋಲ್ಟ್, 150 ಎಎಚ್ ಬ್ಯಾಟರಿಯ ಮೇಲೆ 1,800 ಎಂದು ಲೆಕ್ಕ ಬರುತ್ತದೆ. ಆದರೆ ಶೇ 80ಕ್ಕಿಂತ ಹೆಚ್ಚು ಇಳಿಸಬಾರದು, ಇನ್ವರ್ಟರ್‌ನಲ್ಲಿ ಶೇ 15ರಷ್ಟು ನಷ್ಟ. ಕೈಗೆ ಸಿಗುವುದು 1,220ರ ಆಸುಪಾಸು. ಹಾಗಾಗಿ ಎರಡು ಬ್ಯಾಟರಿ ಬೇಕು, ಹೊಸದಿದ್ದಾಗ ಆರು ಗಂಟೆ ಬರುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗುವ ಊರುಗಳಲ್ಲಿ ಜನರೇಟರ್ ಅಥವಾ ಸೋಲಾರ್ ಇಲ್ಲದೆ ಗತಿಯಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ನೇರ ಬಡಿಯಬೇಕೆಂದೇನಿಲ್ಲ. ದೂರದಲ್ಲಿ ಬಿದ್ದರೂ ತಾಮ್ರದ ಕೇಬಲ್‌ನಲ್ಲಿ ವೋಲ್ಟೇಜ್ ಏರಿ ಸ್ವಿಚ್, ರೆಕಾರ್ಡರ್, ಕ್ಯಾಮೆರಾ ಒಟ್ಟಿಗೇ ಸುಡುತ್ತವೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಕಂಬದಿಂದ ಠಾಣೆಗೆ ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಅರ್ಥಿಂಗ್ 5 ಓಮ್‌ಗಿಂತ ಕಡಿಮೆ ಇದೆಯೇ ಎಂದು ಬೇಸಿಗೆಯಲ್ಲಿ, ಮಣ್ಣು ಒಣಗಿರುವಾಗ ಅಳೆಸಿ. ಮಳೆಗಾಲದ ಅಳತೆ ಯಾವಾಗಲೂ ಚೆನ್ನಾಗಿಯೇ ಬರುತ್ತದೆ.

ಹೊರಾಂಗಣದ ಪೆಟ್ಟಿಗೆ ದೂಳು, ನೀರು ಒಳಹೋಗದ ಐಪಿ66 ದರ್ಜೆಯದ್ದಿರಲಿ, ಕೇಬಲ್ ಕೆಳಗಡೆಯಿಂದ ಒಳಹೋಗಲಿ, ತೂತಿಗೆ ನೀರು ತಡೆಯುವ ಗ್ಲ್ಯಾಂಡ್ ಹಾಕಿರಲಿ. ಮೇಲ್ಗಡೆ ತೂತು ಕೊರೆದು ಎಂ-ಸೀಲ್ ಮೆತ್ತಿದ ಪೆಟ್ಟಿಗೆಯೊಳಗೆ ಆಗಸ್ಟ್ ಹೊತ್ತಿಗೆ ನೀರು, ಇರುವೆ ಎರಡೂ ಇರುತ್ತವೆ.

ಕನ್ನಡದಲ್ಲಿ ಹುಡುಕಿದರೆ ಹೆಸರೇ ಸಿಗುವುದಿಲ್ಲವಲ್ಲ?

ಕಾರಣ ಎರಡು. ಒಂದು, ಹಳೆಯ ಕಡತಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿರುವುದು. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಒಳಗಿರುವುದು ಮಾತ್ರ ಲ್ಯಾಟಿನ್ ಅಕ್ಷರಗಳು. ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕದಲ್ಲಿ ಹಾಕಿದಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು. ಆದ್ದರಿಂದ ಹಳೆಯ ದಾಖಲೆಯಿಂದ 200 ಹೆಸರು ತೆಗೆದು, ಪರಿವರ್ತಿಸಿ, ಒಂದೊಂದನ್ನೂ ಕಣ್ಣಿನಿಂದ ಓದಿ ನೋಡಿದ ಮೇಲೆಯೇ ಪೂರ್ತಿ ಕಡತಕ್ಕೆ ಕೈಹಾಕಬೇಕು.

ಎರಡನೆಯದು ಹೆಸರಿನ ರೂಪ. ಮಂಜುನಾಥ, ಮಂಜುನಾಥ್, ಮಂಜ, ಮಂಜೇಗೌಡ. ಒಬ್ಬನೇ ಆರೋಪಿ ನಾಲ್ಕು ಠಾಣೆಯಲ್ಲಿ ನಾಲ್ಕು ಹೆಸರಿನಿಂದ ಕೂತಿರುತ್ತಾನೆ. ಇಂಗ್ಲಿಷ್ ಲಿಪಿಗೆ ಹೋದರಂತೂ ‘ಥ’ ಬರೆಯಲು ಮೂರು ದಾರಿ. ಟೆಂಡರ್‌ನಲ್ಲಿ ‘ಕನ್ನಡ ಬೆಂಬಲ ಇರಬೇಕು’ ಎಂದು ಒಂದು ಸಾಲು ಬರೆದರೆ ಮೆನುವನ್ನು ಕನ್ನಡ ಮಾಡಿ ಕೊಡುತ್ತಾರೆ, ಅಷ್ಟೆ. ಕೊನೆಯ ಅಕ್ಷರ ಅಕಾರಾಂತವಾದರೂ ಅರ್ಧಾಕ್ಷರವಾದರೂ, ಅಲ್ಪಪ್ರಾಣ ಮಹಾಪ್ರಾಣ ಬದಲಾದರೂ, ಕಣ್ಣಿಗೆ ಕಾಣದ ಜೋಡಣಾ ಚಿಹ್ನೆ ನಡುವೆ ಇದ್ದರೂ ಹೆಸರು ಸಿಗಬೇಕು ಎಂದು ಉದಾಹರಣೆ ಸಮೇತ ಬರೆಯಿರಿ. ತಂದೆಯ ಹೆಸರು, ಊರು, ಹೋಬಳಿಯನ್ನು ಪಟ್ಟಿಯಿಂದ ಆರಿಸುವಂತಿರಲಿ. ಟೈಪ್ ಮಾಡಲು ಬಿಟ್ಟರೆ ಸಕಲೇಶಪುರಕ್ಕೇ ಐದು ಕಾಗುಣಿತ ಆಗುತ್ತದೆ.

ಠಾಣೆಯೊಳಗಿನ ಸಿಸಿಟಿವಿ ಎಷ್ಟು ದಿನದ ರೆಕಾರ್ಡಿಂಗ್ ಇಡಬೇಕು?

ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದ್ದು 18 ತಿಂಗಳು. ಅಷ್ಟು ಸಾಮರ್ಥ್ಯದ ಸಾಧನ ಮಾರುಕಟ್ಟೆಯಲ್ಲಿ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು. ದ್ವಾರಗಳು, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೊಠಡಿ, ಪಿಎಸ್‌ಐ ಕೊಠಡಿ, ಶೌಚಾಲಯದ ಹೊರಭಾಗ, ಹಿತ್ತಲು ಎಲ್ಲ ಕಡೆ ಇರಬೇಕು. ರಾತ್ರಿ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಹೊಣೆ ಠಾಣಾಧಿಕಾರಿಯದು. ಮೇಲೆ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿ ಇರುತ್ತದೆ.

ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ. 18 ತಿಂಗಳಿಗೆ, ಅಂದರೆ 548 ದಿನಕ್ಕೆ, 11.8 ಟಿಬಿ. ಹನ್ನೆರಡು ಕ್ಯಾಮೆರಾಗೆ ಸುಮಾರು 142 ಟಿಬಿ. ಎಂಟು ಡಿಸ್ಕ್ ಹಿಡಿಯುವ ರೆಕಾರ್ಡರ್‌ಗೆ 10 ಟಿಬಿ ಡಿಸ್ಕ್‌ಗಳನ್ನೇ ಹಾಕಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಜೋಡಿಸಿದರೆ ಬಳಕೆಗೆ ಸಿಗುವುದು 70. ಬೇಕಾದದ್ದರ ಅರ್ಧವೂ ಇಲ್ಲ. ಪೂರೈಕೆದಾರರು ಆಗ ಸದ್ದಿಲ್ಲದೆ ಸೆಕೆಂಡಿಗೆ 25 ಚಿತ್ರವನ್ನು 6ಕ್ಕೆ ಇಳಿಸಿರುತ್ತಾರೆ, ಇಲ್ಲವೇ ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಮಾಡಿರುತ್ತಾರೆ, ಅದೂ ಇಲ್ಲವಾದರೆ ಹಳೆಯದರ ಮೇಲೆ ಹೊಸದು ಬರೆಯಲು ಬಿಟ್ಟಿರುತ್ತಾರೆ.

ಅಳವಡಿಸಿದ ದಿನ 18 ತಿಂಗಳನ್ನು ಪರೀಕ್ಷಿಸಲು ಆಗುವುದಿಲ್ಲ. ಆದರೆ 60ನೇ ದಿನ ರೆಕಾರ್ಡರ್ ತೆರೆದು ನೋಡಿ. ಜಾಗದಲ್ಲಿ ಶೇ 11ಕ್ಕಿಂತ ಹೆಚ್ಚು ತುಂಬಿದ್ದರೆ 548 ದಿನ ಮುಟ್ಟುವುದಿಲ್ಲ. ಕೊನೆಯ ಕಂತಿನ ಹಣ ಬಿಡುಗಡೆಗೆ ಈ ಪರೀಕ್ಷೆಯನ್ನು ಷರತ್ತಾಗಿಡಿ.

ಬೆಳೆಗಾರರ ಸಂಘ, ವರ್ತಕರ ಸಂಘ ಊರಿಗೆ ಕ್ಯಾಮೆರಾ ದಾನ ಕೊಡುತ್ತೇವೆ ಅನ್ನುತ್ತಾರೆ. ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು, ಬರಹದಲ್ಲಿ. ಕಾಫಿ ಕಳವು, ಮೆಣಸಿನ ಚೀಲದ ಕಳವು ಹೆಚ್ಚಾದ ವರ್ಷ ಇಂಥ ಉತ್ಸಾಹ ಬರುತ್ತದೆ. ಉದ್ಘಾಟನೆ ಆಗುತ್ತದೆ, ಕಂಬಕ್ಕೆ ದಾನಿಗಳ ಫಲಕ ಬೀಳುತ್ತದೆ. ಎರಡು ವರ್ಷದ ಮೇಲೆ ಫಲಕ ಇರುತ್ತದೆ, ಕ್ಯಾಮೆರಾ ಕುರುಡಾಗಿರುತ್ತದೆ. ವಿದ್ಯುತ್ ಬಿಲ್ ಯಾರದು, ಸಿಮ್ ರೀಚಾರ್ಜ್ ಯಾರದು, ಕಾಡುಬಳ್ಳಿ ಹಬ್ಬಿದರೆ ಬಿಡಿಸುವವರು ಯಾರು ಎಂದು ಯಾರೂ ಕೇಳಿರುವುದಿಲ್ಲ.

ಸ್ವೀಕರಿಸುವ ಮುನ್ನ ಇಷ್ಟು ಆಗಲಿ: ಐದು ವರ್ಷದ ನಿರ್ವಹಣಾ ಹಣವನ್ನೂ ಸೇರಿಸಿದ ಒಪ್ಪಂದ, ಠಾಣೆಯ ದಾಸ್ತಾನು ಪುಸ್ತಕದಲ್ಲಿ ನಮೂದು, ಪಾಸ್‌ವರ್ಡ್ ಠಾಣೆಯ ವಶಕ್ಕೆ. ನೇರ ದೃಶ್ಯ ದಾನಿಗಳ ಮೊಬೈಲ್‌ನಲ್ಲೂ ಕಾಣಬೇಕು ಎಂದರೆ ಬೇಡ ಎನ್ನಿ. ಊರಿನವರ ಓಡಾಟವನ್ನು ಖಾಸಗಿಯವರು ಕೂತು ನೋಡುವುದಕ್ಕೆ ಠಾಣೆ ದಾರಿ ಮಾಡಿಕೊಡಬಾರದು. ಇನ್ನು ಒಮ್ಮೆಗೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಅಂಗಡಿ ಮುಂಗಟ್ಟು, ಕಲ್ಯಾಣ ಮಂಟಪ, ಆಸ್ಪತ್ರೆಗಳು 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಡಿ ತಾವೇ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಡಬೇಕು. ಎಷ್ಟೋ ಬೀದಿಗಳಲ್ಲಿ ಹೊಸ ಕಂಬ ನೆಡುವುದಕ್ಕಿಂತ ಇರುವ ಕ್ಯಾಮೆರಾಗಳ ನಕ್ಷೆ ಮಾಡಿಕೊಳ್ಳುವುದೇ ಅಗ್ಗ.

ಕೋರ್ಟಿನಲ್ಲಿ ನಿಲ್ಲುವಂತೆ ವಿಡಿಯೊ ಇಡುವುದು ಹೇಗೆ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಎ ಭಾಗ ಸಾಧನ ಯಾರ ಸುಪರ್ದಿನಲ್ಲಿತ್ತೋ ಅವರದು, ಬಿ ಭಾಗ ತಜ್ಞರದು. ಕಡತದ ಹ್ಯಾಷ್ ಮೌಲ್ಯ, ಯಾವ ವಿಧಾನದಿಂದ ತೆಗೆದದ್ದು ಎಂಬುದನ್ನೂ ಬರೆಯಬೇಕು. ಹ್ಯಾಷ್ ಎಂದರೆ ಕಡತದ ಬೆರಳಚ್ಚು. ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ.

ಕ್ರಮ ಹೀಗೆ: ಮಹಜರು ಸ್ಥಳದಲ್ಲೇ ಮೂಲ ಸ್ವರೂಪದಲ್ಲಿ ನಕಲು ತೆಗೆಯಿರಿ, ಪಂಚರ ಎದುರೇ ಎಸ್‌ಎಚ್‌ಎ-256 ಹ್ಯಾಷ್ ತೆಗೆದು ಮಹಜರಿನಲ್ಲಿ ಬರೆಯಿರಿ. ಒಂದು ಪ್ರತಿ ಮೊಹರು ಮಾಡಿ. ತನಿಖೆಗೆ ಬಳಸುವುದು ಇನ್ನೊಂದು ಪ್ರತಿ. ಪೆನ್‌ಡ್ರೈವ್ ಹೊಸದಿರಲಿ. ರೆಕಾರ್ಡರ್‌ನ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂದು ಆಗಲೇ ದಾಖಲಿಸಿ. ಅಂಗಡಿಯ ಡಿವಿಆರ್ ಏಳು ನಿಮಿಷ ಹಿಂದಿದ್ದು, ಅದನ್ನು ಬರೆಯದೆ ಬಿಟ್ಟರೆ ಆರೋಪಿಯ ಕರೆ ವಿವರಕ್ಕೂ ವಿಡಿಯೊಗೂ ತಾಳೆಯಾಗುವುದಿಲ್ಲ. ಪಾಟೀ ಸವಾಲಿನಲ್ಲಿ ವಕೀಲರು ಹಿಡಿಯುವುದು ಅದನ್ನೇ. ಪರದೆಯ ಮೇಲಿನ ದೃಶ್ಯವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಸುತ್ತೋಲೆಯಲ್ಲಿ ಎಷ್ಟು ಬಾರಿ ಬೇಡವೆಂದರೂ ನಿಂತಿಲ್ಲ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಹ್ಯಾಷ್ ಬೇರೆಯಾಗುತ್ತದೆ.

ಶೋಧ, ಜಪ್ತಿಯನ್ನು ಧ್ವನಿ, ದೃಶ್ಯ ಸಮೇತ ದಾಖಲಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಈಗ ಕಡ್ಡಾಯ. ಅದಕ್ಕೆಂದೇ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಇ-ಸಾಕ್ಷ್ಯ ಆ್ಯಪ್ ರೂಪಿಸಿದೆ. ಜಿಲ್ಲೆಯವರು ಬೇರೆ ಆ್ಯಪ್ ಕೊಳ್ಳುವ ಅಗತ್ಯವಿಲ್ಲ. ಕೊಳ್ಳಬೇಕಾದದ್ದು ಚೆನ್ನಾಗಿ ಚಿತ್ರ ತೆಗೆಯುವ ಮೊಬೈಲ್, ಪವರ್ ಬ್ಯಾಂಕ್, ಒಂದು ಕೈದೀಪ.

ಹಾಸನಾಂಬ ಜಾತ್ರೆ, ದತ್ತಪೀಠದ ಬಂದೋಬಸ್ತ್‌ಗೆ ಮುಖ ಗುರುತಿಸುವ ಕ್ಯಾಮೆರಾ ಹಾಕಿದರೆ ಹೇಗೆ?

ಮೊದಲು ಲೆಕ್ಕ ನೋಡಿ. ಒಂದು ದಿನ 50,000 ಮಂದಿ ದರ್ಶನಕ್ಕೆ ಬಂದರು, ಯಂತ್ರ ಸಾವಿರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಆಗಲೂ 50 ಅಮಾಯಕರ ಮೇಲೆ ಗಂಟೆ ಬಾರಿಸುತ್ತದೆ. ನಿಜವಾದ ಹಳೇ ಕಳ್ಳರು ಇಬ್ಬರೋ ಮೂವರೋ ಇರುತ್ತಾರೆ. ಗಂಟೆ ಬಾರಿಸಿದಾಗಲೆಲ್ಲ ಒಬ್ಬರನ್ನು ಸಾಲಿನಿಂದ ಬದಿಗೆ ಕರೆದು ವಿಚಾರಿಸಲು ಸಿಬ್ಬಂದಿ ಎಲ್ಲಿದ್ದಾರೆ? ಮಂದ ಬೆಳಕು, ಮೇಲಿನಿಂದ ನೋಡುವ ಕೋನ, ಟೋಪಿ, ಮಾಸ್ಕ್ ಇದ್ದರೆ ತಪ್ಪು ಇನ್ನೂ ಹೆಚ್ಚು.

ಯಂತ್ರ ತೋರಿಸಿದ್ದು ಸುಳಿವು ಮಾತ್ರ, ಬಂಧನಕ್ಕೆ ಆಧಾರವಲ್ಲ ಎಂದು ಲಿಖಿತ ಆದೇಶ ಇರಬೇಕು. ಹೊಂದಾಣಿಕೆಯಾಗದ ಮುಖಗಳನ್ನು ಅದೇ ದಿನ ಅಳಿಸಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪಿನ ನಂತರ ಖಾಸಗಿತನಕ್ಕೆ ಕೈಹಾಕಲು ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಅದಕ್ಕೆ ತಕ್ಕಷ್ಟೇ ಪ್ರಮಾಣ ಮೂರನ್ನೂ ತೋರಿಸಬೇಕಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಜಾತ್ರೆಗೆ ಮೊದಲು ಬೇಕಾದದ್ದು ಜನದಟ್ಟಣೆ ಎಣಿಸುವ ಕ್ಯಾಮೆರಾ, ಕಳೆದುಹೋದ ಮಕ್ಕಳಿಗೆ ಕೈಪಟ್ಟಿ, ಚೆನ್ನಾಗಿ ಕೇಳಿಸುವ ಧ್ವನಿವರ್ಧಕ.

ಡ್ರೋನ್?

2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸಣ್ಣದು. ಹಸಿರು ವಲಯದಲ್ಲಿ 400 ಅಡಿ ಮಿತಿ. ಗುರುತಿನ ಸಂಖ್ಯೆ, ಪೈಲಟ್ ಪ್ರಮಾಣಪತ್ರದ ವಿಷಯ ಮೊದಲೇ ಮುಗಿಸಿಕೊಳ್ಳಿ. ಚಾರ್ಮಾಡಿಯ ಮಂಜು, ಗಾಳಿಯಲ್ಲಿ ಸಾಮಾನ್ಯ ಡ್ರೋನ್ ಹಾರಿಸುವಂತಿಲ್ಲ. ಒಂದು ಬ್ಯಾಟರಿಗೆ 20–30 ನಿಮಿಷ. ಬಂದೋಬಸ್ತ್‌ಗೆ ಆರು ಬ್ಯಾಟರಿಯಾದರೂ ಇರಲಿ.

ಮಾಹಿತಿಯ ಭದ್ರತೆಗೆ ಏನು ನಿಯಮ?

2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ ತನಿಖೆಗೆ ಹಲವು ವಿನಾಯಿತಿ ಇವೆ. ಆದರೆ ಮಾಹಿತಿ ಸೋರದಂತೆ ಕಾಪಾಡುವ ಹೊಣೆಗೆ ವಿನಾಯಿತಿ ಇಲ್ಲ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಯಾರು ಯಾವಾಗ ಏನು ಮಾಡಿದರೆಂದು ತೋರಿಸುವ ಲಾಗ್‌ಗಳನ್ನು 180 ದಿನ ಇಡಬೇಕು ಎಂಬುದು 2022ರ ಏಪ್ರಿಲ್ ನಿರ್ದೇಶನ.

ಠಾಣೆಯಲ್ಲಿ ನಿಜವಾದ ತೂತು ಮಾತ್ರ ಪಾಸ್‌ವರ್ಡ್. ರೈಟರ್ ಹೆಸರಿನ ಲಾಗಿನ್ ಎಲ್ಲರ ಬಾಯಲ್ಲೂ ಇರುತ್ತದೆ. ಮಾನಿಟರಿಗೆ ಚೀಟಿಯೂ ಅಂಟಿರುತ್ತದೆ. ಮಾಹಿತಿ ಹೊರಹೋದರೆ ಸಿಕ್ಕಿಬೀಳುವುದು ಏನೂ ಅರಿಯದ ರೈಟರ್. ಇದಕ್ಕೆ ಬೈಯುವುದರಿಂದ ಪ್ರಯೋಜನವಿಲ್ಲ. ಲಾಗಿನ್ ಆಗಲು ಎರಡು ನಿಮಿಷ ಬೇಕಾದರೆ ಜನ ಹಂಚಿಕೊಂಡೇ ಬಳಸುತ್ತಾರೆ. ಬೆರಳು ಅಥವಾ ಕಾರ್ಡ್ ಇಟ್ಟರೆ ಐದು ಸೆಕೆಂಡಿನಲ್ಲಿ ತೆರೆದುಕೊಳ್ಳುವಂಥದ್ದನ್ನು ಕೊಳ್ಳಿ. ವರ್ಗಾವಣೆಯಾದ ದಿನವೇ ಖಾತೆ ಮುಚ್ಚುವ ಹೊಣೆ ಯಾರದೆಂದು ಬರೆದಿಡಿ.

ತರಬೇತಿ ಕೊಟ್ಟರೂ ಸಿಬ್ಬಂದಿ ಹಳೇ ಪುಸ್ತಕಕ್ಕೇ ಮರಳುತ್ತಾರೆ. ಏಕೆ?

ಪುಸ್ತಕ ನಿಲ್ಲಿಸಿ ಎಂದು ಯಾರೂ ಹೇಳಿಲ್ಲವಾದ್ದರಿಂದ. ಡಿವೈಎಸ್‌ಪಿ ತಪಾಸಣೆಗೆ ಬಂದಾಗ ಕೇಳುವುದು ರಿಜಿಸ್ಟರನ್ನೇ ಆದರೆ ರೈಟರ್ ಬರೆಯುವುದೂ ಅದನ್ನೇ. ಹಳೆಯದು, ಹೊಸದು ಎರಡನ್ನೂ ಜೊತೆಗೆ ನಡೆಸುವ ಅವಧಿ ನಾಲ್ಕು ವಾರ ಸಾಕು. ಪೊಲೀಸ್ ಕೈಪಿಡಿಯ ಪ್ರಕಾರ ಇಡಲೇಬೇಕಾದ ದಾಖಲೆಯಾದರೆ ನಿಲ್ಲಿಸಲು ಮೇಲಿನಿಂದ ಲಿಖಿತ ಆದೇಶ ಬೇಕು. ಅದನ್ನು ಖರೀದಿಗೆ ಮೊದಲೇ ತರಿಸಿಕೊಳ್ಳಿ.

ಹಾಸನದ ಸಭಾಂಗಣದಲ್ಲಿ ಇನ್ನೂರು ಜನರನ್ನು ಕೂರಿಸಿ ಸ್ಲೈಡ್ ತೋರಿಸುವುದು ತರಬೇತಿಯಲ್ಲ. ಪ್ರತಿ ಠಾಣೆಯಿಂದ ಇಬ್ಬರಿಗೆ, ರೈಟರ್ ಮತ್ತು ಸ್ವಾಗತ ಮೇಜಿನ ಸಿಬ್ಬಂದಿಗೆ, ಅವರದೇ ಠಾಣೆಯ ಹಳೇ ಪ್ರಕರಣ ಬಳಸಿ ಮೂರು ಗಂಟೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಮೂರು ಗಂಟೆ. ಎರಡನೇ ಸಲ ಬರುವ ಪ್ರಶ್ನೆಗಳೇ ಬೆಲೆಯುಳ್ಳವು. ಮೇ, ಜೂನ್ ಸಾರ್ವತ್ರಿಕ ವರ್ಗಾವಣೆಯಲ್ಲಿ ಕಲಿತವರು ಹೊರಟುಹೋಗುತ್ತಾರೆ. ಜುಲೈನಲ್ಲಿ ಮತ್ತೊಂದು ಸುತ್ತನ್ನು ಒಪ್ಪಂದದಲ್ಲೇ ಸೇರಿಸಿ.

ಕಂಪನಿಯವರು ‘ಶೇ 99 ಚಾಲನೆ’ ಅನ್ನುತ್ತಾರೆ. ಸಾಲದೇ?

ಯಾವುದರ ಶೇ 99 ಎಂದು ಕೇಳಿ. ತಿಂಗಳಿಗೆ 720 ಗಂಟೆ. ಒಂದು ಠಾಣೆಗೆ ಶೇ 1 ಅಂದರೆ 7.2 ಗಂಟೆ, ಸಹಿಸಬಹುದು. ಆದರೆ ಒಪ್ಪಂದದಲ್ಲಿ ಜಿಲ್ಲೆಯ ಸರಾಸರಿ ಎಂದಿದ್ದರೆ? 30 ಠಾಣೆ ಎಂದುಕೊಂಡರೆ ಒಟ್ಟು 21,600 ಗಂಟೆಯ ಶೇ 1 ಎಂದರೆ 216 ಗಂಟೆ. ಉಳಿದೆಲ್ಲ ಚೆನ್ನಾಗಿ ನಡೆದು ಒಂದೇ ಠಾಣೆ ಒಂಬತ್ತು ದಿನ ಸತ್ತು ಮಲಗಿದರೂ ದಂಡವಿಲ್ಲ. ಮಲಗುವುದು ಯಾವ ಠಾಣೆ ಎಂದು ಬೇರೆ ಹೇಳಬೇಕಿಲ್ಲ. ಘಾಟಿ ಹತ್ತಿ ಬರಲು ಎಂಜಿನಿಯರಿಗೆ ಬೇಸರ. ಆದ್ದರಿಂದ ಲೆಕ್ಕ ಠಾಣೆವಾರು ಇರಲಿ, ರಿಪೇರಿಗೆ ಜಿಲ್ಲಾ ಕೇಂದ್ರದಲ್ಲಿ 8 ಗಂಟೆ, ಘಾಟಿಯ ಠಾಣೆಗೆ 24 ಗಂಟೆ ಗಡುವು ಇರಲಿ, ಬದಲಿ ಸಾಮಾನು ಹಾಸನ ಅಥವಾ ಚಿಕ್ಕಮಗಳೂರಿನಲ್ಲೇ ದಾಸ್ತಾನಿರಲಿ. ಅಳವಡಿಕೆಗೆ ಶೇ 60, ಸ್ವೀಕಾರ ಪರೀಕ್ಷೆ ಮುಗಿದ ಮೇಲೆ ಶೇ 20, ಉಳಿದ ಶೇ 20ನ್ನು ಮೂರು ವರ್ಷ, ತ್ರೈಮಾಸಿಕ ಕಂತಿನಲ್ಲಿ ಕೊಟ್ಟರೆ ಫೋನ್ ಎತ್ತುತ್ತಾರೆ.

ಸಾರ್ವಜನಿಕರಿಗೆ ಇದರಿಂದ ಏನು?

ದೂರನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು. ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಮೊಬೈಲ್ ಕಳೆದರೆ ದೂರಿನ ಪ್ರತಿಯೊಂದಿಗೆ ಕೇಂದ್ರದ ಪೋರ್ಟಲ್ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಿ. ಬ್ಯಾಂಕಿನಿಂದ ಹಣ ಹಾರಿಹೋದರೆ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಬಸ್ ಹತ್ತುವ ಮೊದಲು ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಪ್ಪಂದ ಮುಗಿದ ಮೇಲೆ, ಸಲಕರಣೆ ಹಳತಾದ ಮೇಲೆ?

ಮಾಹಿತಿ ಪೊಲೀಸ್ ಇಲಾಖೆಯದು, ಕಂಪನಿಯದಲ್ಲ ಎಂದು ಮೊದಲ ದಿನವೇ ಬರೆದಿರಬೇಕು. ಬರೆದರಷ್ಟೇ ಸಾಲದು, ವರ್ಷಕ್ಕೊಮ್ಮೆ ಎಲ್ಲ ದಾಖಲೆಯನ್ನು ಯಾರು ಬೇಕಾದರೂ ತೆರೆಯಬಹುದಾದ ಸ್ವರೂಪದಲ್ಲಿ ಹೊರತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸಬೇಕು ಎಂಬ ಷರತ್ತು ಹಾಕಿ. ತನ್ನದೇ ಪ್ಲೇಯರ್ ಇಲ್ಲದೆ ಓಡದ ವಿಡಿಯೊ ಕೊಡುವ ರೆಕಾರ್ಡರ್‌ಗಳನ್ನು ಕೊಳ್ಳಲೇಬೇಡಿ. ಹತ್ತು ವರ್ಷದ ಮೇಲೆ ವಿಚಾರಣೆಗೆ ಬರುವ ಕೊಲೆ ಪ್ರಕರಣದಲ್ಲಿ ಆ ಪ್ಲೇಯರ್ ಎಲ್ಲೂ ಸಿಗುವುದಿಲ್ಲ.

ಹಳೆಯ ಕಂಪ್ಯೂಟರ್, ರೆಕಾರ್ಡರ್ ಹೊರಹಾಕುವ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ, ಕ್ರಮಸಂಖ್ಯೆ ಬರೆದುಕೊಳ್ಳಿ. ಬಾಕಿ ಪ್ರಕರಣಕ್ಕೆ ಬೇಕಾದ ಮಾಹಿತಿ ಅದರಲ್ಲಿ ಇದೆಯೇ ಎಂದು ತನಿಖಾಧಿಕಾರಿಯಿಂದ ಲಿಖಿತ ಉತ್ತರ ಪಡೆಯಿರಿ. ಇಲ್ಲ ಎಂದಾದರೆ ಸಮಿತಿಯ ಎದುರು ಡಿಸ್ಕ್ ತೂತು ಮಾಡಿಸಿ ಮಹಜರು ಬರೆಯಿರಿ. ಫಾರ್ಮ್ಯಾಟ್ ಮಾಡಿದರೆ ಮಾಹಿತಿ ಹೋಗುವುದಿಲ್ಲ. ಉಳಿದ ಭಾಗ ಗುಜರಿಗೆ ಹೋಗಬಾರದು. 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಕೊಟ್ಟು ರಸೀದಿಯನ್ನು ದಾಸ್ತಾನು ಪುಸ್ತಕಕ್ಕೆ ಲಗತ್ತಿಸಬೇಕು.